ಫ್ರಾಕಿನ ಒಳಮಡಿಕೆ

ಜೂನ್ 3, ಸೋಮವಾರ. ಮಧ್ಯಾಹ್ನ

ಕಾಜಾ ಹಾಕೋಕೆ ಕೊಟ್ಟ ಶರ್ಟುಗಳು ಇನ್ನೂ ಬಂದಿಲ್ಲ. ಮೆಷಿನ್ ಬೆಲ್ಟ್ ಜಾರ್ತಾ ಇದೆ. ಸ್ಕೂಲ್ ಶುರುವಾಗೋ ವಾರ, ಬಾಗಿಲ ತುಂಬ ಜನ. ಇವತ್ತು ಎಲ್ಲರ ಬಾಯಲ್ಲೂ "ಮಾಸ್ಟ್ರೇ, ಮಾಸ್ಟ್ರೇ." ಯೂನಿಫಾರ್ಮ್ ಕೈಗೆ ಸಿಕ್ಕ ಮೇಲೆ ಮತ್ತೆ "ತುಂಡು ಮಾಸ್ಟ್ರು." ಗೊತ್ತಿಲ್ವಾ ನನಗೆ.

ನಿಂತು ಕತ್ತರಿಸೋ ಹಲಗೆ ಬಿರುಕು ಬಿಟ್ಟಿದೆ. ಅದರ ಮೇಲೆ ನಿಲ್ಲದಿದ್ರೆ ಟೇಬಲ್ಲಿನ ಆಚೆ ಅಂಚು ಕೈಗೆ ಎಟುಕಲ್ಲ. ಎದುರುಗಡೆ ಬಡಗಿಗೆ ಹೇಳಿದೆ. "ಹಲಗೆ ಯಾಕೆ, ಟೇಬಲ್ ಕಾಲೇ ಕುಯ್ದು ಕೊಡ್ತೀನಿ" ಅಂದ. ತುಂಡು ಅಂತ ಹೆಸರಿಟ್ಟವನೂ ಅವನೇ. ನಕ್ಕೆ. ನಗದೆ ಏನು ಮಾಡೋದು, ಹಲಗೆ ಬೇಕಲ್ಲ.

ಒಬ್ಬಾಕೆ ಮಗನನ್ನ ಕರ್ಕೊಂಡು ಬರದೇನೇ ಆರ್ಡರ್ ಕೊಟ್ಟಳು. ಆರು ವರ್ಷದವನಿಗೆ ಅಂದಳು. ಯಾವ ಬೀದಿ ಅಂತ ಕೇಳಿದೆ. ಕೆಳಗಿನ ಬೀದಿ. ಆಯ್ತು, ಐದರ ಅಳತೆಗೆ ಕತ್ತರಿಸಿದೆ. ಮೇಲಿನ ಬೀದಿಯಾಗಿದ್ರೆ ಏಳರದ್ದು. ಇಷ್ಟು ವರ್ಷದಲ್ಲಿ ಒಂದು ಸಲಾನೂ ಬಟ್ಟೆ ವಾಪಸ್ ಬಂದಿಲ್ಲ. "ಬೀದಿಗೆ ಟೇಪ್ ಹಿಡಿಯೋ ಟೈಲರ್ ನೀವೊಬ್ಬರೇ" ಅಂತಾಳೆ ಹೆಂಡತಿ. ನಾವೂ ಕೆಳಗಿನ ಬೀದಿಯವರೇ.

ಜೂನ್ 6, ಗುರುವಾರ. ಬೆಳಿಗ್ಗೆ ಆರೂವರೆ

ಅಮ್ಮನ ಕೋಳಿಗಳು ಟೇಬಲ್ ಕೆಳಗಿಂದ ಎದ್ದು ಮೆರವಣಿಗೆ ಹೊರಟವು. ಹಗಲೆಲ್ಲ ಗಲ್ಲಿ, ಕತ್ತಲಾದ್ರೆ ನನ್ನ ಟೇಬಲ್ ಕೆಳಗೆ. ಹೊರಗೆ ಬಿಟ್ಟರೆ ನಾಯಿ, ಇಲ್ಲಾಂದ್ರೆ ಕಳ್ಳ. ಮನೆ ಅಂದ್ರೆ ಎರಡೇ ಕೋಣೆ. ಮುಂದಿನದು ಅಂಗಡಿ, ಹಿಂದಿನದು ಸಂಸಾರ. ಎಷ್ಟು ಗುಡಿಸಿದ್ರೂ ದಾರ, ಚೂರು ಬಟ್ಟೆ, ಹಿಕ್ಕೆ ಎಲ್ಲ ಒಂದೇ ರಾಶಿ.

ಬಟನ್‌ಗೆ ಅದೇ ಅರಮನೆ. ಟೇಬಲ್ ಕೆಳಗೆ ಕೂತು, ಸಿಕ್ಕಿದ್ದನ್ನ ಬಾಯಿಗೆ ಹಾಕ್ಕೊಂಡು ಹೊತ್ತು ಕಳೀತಾಳೆ. ಮಗಳಿಗೆ ಆ ಹೆಸರು ಬಂದಿದ್ದೇ ಹಾಗೆ. ಅಂಬೆಗಾಲಿಡೋ ಹೊತ್ತಲ್ಲಿ ಯಾರದೋ ಕೋಟಿನ ಬಟನ್ ನುಂಗಿ, ಮಾರನೇ ದಿನ ಜೋಪಾನವಾಗಿ ವಾಪಸ್ ಕೊಟ್ಟಳು. ತೊಳೆದು ಹೊಲಿದೆ. ಕೋಟಿನವರಿಗೆ ಇವತ್ತಿನ ತನಕ ಗೊತ್ತಿಲ್ಲ.

ಅಮ್ಮ ದಿನಾ ಅವಳಿಗೊಂದು ಮೊಟ್ಟೆ ಬೇಯಿಸ್ತಾಳೆ. ಊದಿ, ಆರಿಸಿ, ಚೂರು ಚೂರೇ ಬಾಯಿಗೆ. "ನಿಮ್ಮಪ್ಪಂಗೂ ಹೀಗೇ ತಿನ್ನಿಸಿದ್ದು ಕಣೇ." ಬಟನ್ ಒಂದೊಂದು ಚೂರೂ ನುಂಗ್ತಾಳೆ, ನಗ್ತಾಳೆ. ಕಾಯಿಲೆ ಕಸಾಲೆ ಇಲ್ಲದ ಮಗು. ಜ್ವರ ಇಲ್ಲ, ಭೇದಿ ಅಪರೂಪ. ಬೆಳವಣಿಗೆ ಮಾತ್ರ ನಿಧಾನ. ಹೆಂಡತಿ ಅದನ್ನೇ ಹಿಡಿದು ಗೊಣಗಿದ್ರೆ ಅಮ್ಮ ಅಂತಾಳೆ, "ಅಪ್ಪ ಎಷ್ಟುದ್ದ ಇದಾನೆ, ಮಗಳು ದೀಪದ ಕಂಬ ಆಗಕ್ಕೆ?" ಅಲ್ಲಿಗೆ ಮಾತು ಮುಗೀತು. ನನಗೂ ಒಳಗೊಳಗೇ ಒಂಥರಾ ಸಮಾಧಾನ. ಈ ಮನೇಲಿ ನನ್ನ ಹಾಗೆ ಇನ್ನೊಬ್ಬಳು ಇದಾಳಲ್ಲ ಅಂತ. ಅಮ್ಮ ಎತ್ತರ, ಹಿಂದಿನ ಕೋಣೆಗೆ ಹೋಗೋವಾಗ ತಲೆ ಬಗ್ಗಿಸ್ತಾಳೆ. ಹೆಂಡತಿ ಪರವಾಗಿಲ್ಲ. ನಾನು ಮತ್ತು ಬಟನ್ ಮಾತ್ರ ಬಾಗಿಲಿಗೆ ಅಂಜದವರು.

ಜೂನ್ 11, ಮಂಗಳವಾರ. ಅಂಗಡಿ ಬಾಗಿಲು ಹಾಕಿ

ಸಿಟ್ಟಲ್ಲಿ ಬರೀತಿದೀನಿ.

ಹೆಲ್ತ್ ಸೆಂಟರಿನ ನರ್ಸಮ್ಮ ಕೋಟಿನ ತೋಳು ಗಿಡ್ಡ ಮಾಡಿಸಕ್ಕೆ ಬಂದಿದ್ರು. ಬಟನ್ ಹಳದಿ ಫ್ರಾಕ್ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದಳು. "ಚೆನ್ನಾಗಿದೆ, ಹೊಸದಾ?" ಅಂದ್ರು. ನನಗೆ ಜಂಬ. ಹೊಸದಲ್ಲ ಮೇಡಂ, ಮೊದಲನೇ ಹುಟ್ಟುಹಬ್ಬಕ್ಕೆ ಹೊಲಿದದ್ದು. ಇನ್ನೇನು ಎರಡು ತುಂಬತ್ತೆ, ಇನ್ನೂ ಅದೇ ನಡೀತಿದೆ. ಬಗ್ಗಿ ಒಳಗೆ ತಿರುಗಿಸಿ ತೋರಿಸಿದೆ. ನೋಡಿ, ಕೆಳಗೆ ಎರಡು ಮಡಿಕೆ ಒಳಗೇ ಇಟ್ಟು ಹೊಲಿದಿದೀನಿ. ಮಗು ಬೆಳೆದ ಹಾಗೆ ಒಂದೊಂದೇ ಬಿಚ್ಚಬಹುದು. ಮಕ್ಕಳ ಬಟ್ಟೆ ಅಂದ್ರೆ ಹಾಗೇ ಹೊಲೀಬೇಕು. ಈಗಿನ ರೆಡಿಮೇಡ್‌ನವರಿಗೆ ಎಲ್ಲಿ ಬರ್ಬೇಕು ಈ ಬುದ್ಧಿ...

"ಎಷ್ಟು ಬಿಚ್ಚಿದೀರಿ?"

ಒಂದೂ ಬಿಚ್ಚಿಲ್ಲ ಅಂದೆ. ಇನ್ನೂ ಆ ಪ್ರಮೇಯ ಬಂದಿಲ್ಲ ಅಂದೆ. ಅದನ್ನೂ ಹೆಮ್ಮೆಯಿಂದಲೇ ಅಂದೆ.

ನರ್ಸಮ್ಮ ಮಡಿಕೆ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ರು. ಆಮೇಲೆ ಮೆಲ್ಲಗೆ, "ಮಾಸ್ಟ್ರೇ, ಒಂದು ವರ್ಷದ ಮಗು ಎರಡು ವರ್ಷಕ್ಕೆ ಅರ್ಧ ಗೇಣಿನಷ್ಟಾದ್ರೂ ಬೆಳೀಬೇಕು. ಈ ಎರಡೂ ಮಡಿಕೆ ಬಿಚ್ಚಿದ್ರೂ ಸಾಲಬಾರದಿತ್ತು. ಶುಕ್ರವಾರ ಕರ್ಕೊಂಡು ಬನ್ನಿ."

ಕೋಟು ಹೊಲಿಸಕ್ಕೆ ಬಂದವರಿಗೆ ಇದೆಲ್ಲ ಯಾಕೆ ಬೇಕಿತ್ತು. ನಮ್ಮ ವಂಶವೇ ಹೀಗೆ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಒಳಗೆ ಅಮ್ಮ ಇದ್ದಳು, ಆರಡಿಗೆ ನಾಕು ಬೆರಳು ಕಮ್ಮಿ.

ಜೂನ್ 14, ಶುಕ್ರವಾರ

ಹೋಗಿದ್ವಿ. ಮರದ ಹಲಗೆ ಮೇಲೆ ಬಟನ್‌ನ ಮಲಗಿಸಿ, ತಲೆ ಒಬ್ಬರು, ಮೊಣಕಾಲು ಒಬ್ಬರು ಹಿಡಿದು ಅಳೆದ್ರು. ನಾನು ಟೇಪ್ ಹಿಡಿಯೋವಾಗ ಯಾರನ್ನೂ ಹೀಗೆ ಒತ್ತಿ ಹಿಡಿದಿಲ್ಲ. ಕಿರುಚಿಕೊಂಡಳು. ಮಕ್ಕಳ ಬೆಳವಣಿಗೆ ಗೆರೆ ಎಳೆದಿರೋ ಹಾಳೆ ಮೇಲೆ ಒಂದು ಚುಕ್ಕೆ ಇಟ್ರು. ಎಲ್ಲ ಗೆರೆಗಳ ಕೆಳಗೆ, ಬಿಳೀ ಜಾಗದಲ್ಲಿ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ನನ್ನನ್ನ ಅಡಿಯಿಂದ ಮುಡಿ ತನಕ ನೋಡಿದ್ರು. ಅಭ್ಯಾಸ ಇದೆ ನನಗೆ. "ನಿಮ್ಮ ತಂದೆ ತಾಯಿ?" ಇಬ್ಬರೂ ಎತ್ತರ. "ಒಡಹುಟ್ಟಿದವರು?" ಅಕ್ಕ ಇದಾಳೆ, ಎತ್ತರ. ಬರೆದುಕೊಂಡ್ರು. ಒಂದು ಡಬ್ಬಿ ಕೊಟ್ಟು ಮಗುವಿನ ಕಕ್ಕ ತಂದುಕೊಡಿ ಅಂದ್ರು.

ವಾಪಸ್ ಬರ್ತಾ ಹೆಂಡತಿ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅಂದಳು, "ವರ್ಷದಿಂದ ಬಡ್ಕೋತಿದೀನಿ. ನರ್ಸ್ ಒಂದು ಸಲ ಹೇಳಿದ್ದಕ್ಕೆ ಬಂದ್ರಿ."

ಜೂನ್ 21, ಶುಕ್ರವಾರ. ಸಂಜೆ

ರಿಪೋರ್ಟ್ ಬಂತು. ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಹುಳ, ಕಣ್ಣಿಗೆ ಕಾಣದ್ದು. ಬಾಯಿಗೆ ಬರಕ್ಕೆ ಮೂರು ಸಲ ಬೇಕಾಯ್ತು. ಜೊತೆಗೆ ಇನ್ನೊಂದೆರಡು ಹೆಸರು. ನನ್ನ ಮಗಳ ಕರುಳಲ್ಲಿ ಒಂದು ಸಂತೆ ನೆರೆದಿದೆ, ನಮಗೆ ಸುದ್ದಿಯೇ ಇಲ್ಲ.

ಭೇದಿ ಇಲ್ವಲ್ಲ ಅಂದೆ. ಅದೇ ತೊಂದರೆ ಅಂದ್ರು. ಭೇದಿ ಆದ್ರೆ ಓಡಿ ಬರ್ತೀರಿ. ಇದು ಸದ್ದಿಲ್ಲದೆ ಒಳಗೆ ಇರತ್ತೆ. ಕರುಳಿನ ಒಳಪದರ ಸದಾ ಉರೀತಾ ಇರತ್ತೆ. ತಿಂದದ್ದು ಸರಿಯಾಗಿ ಮೈಗೆ ಹತ್ತಲ್ಲ, ಹತ್ತಿದ್ದರಲ್ಲೂ ಪಾಲು ಆ ಉರಿ ಆರಿಸಕ್ಕೇ ಹೋಗತ್ತೆ. ಬೆಳೆಯಕ್ಕೆ ಏನೂ ಉಳಿಯಲ್ಲ.

"ಮನೇಲಿ ಕೋಳಿ ಇದಾವಾ?"

ಇದಾವೆ. ಎಲ್ಲಿ ಮಲಗ್ತಾವೆ? ಹೇಳಿದೆ. ಮಗು ಎಲ್ಲಿ ಆಡತ್ತೆ? ಅದನ್ನೂ ಹೇಳಿದೆ.

ಈ ಹುಳ ಕೋಳಿ ಹೊಟ್ಟೇಲಿ ಆರಾಮಾಗಿ ಇರತ್ತಂತೆ. ಕೋಳಿಗೆ ಏನೂ ಮಾಡಲ್ಲ. ಹಿಕ್ಕೇಲಿ ಬರತ್ತೆ, ಮಗುವಿನ ಕೈಗೆ, ಬಾಯಿಗೆ. "ಇದೊಂದೇ ಕಾರಣ ಅಂತ ನಾನು ಹೇಳಲ್ಲ. ನೀರು ಇದೆ, ಗಲ್ಲಿ ಇದೆ. ಆದ್ರೆ ಇದು ದೊಡ್ಡದು. ಮೊಟ್ಟೆ ತಿನ್ನಿಸಿ, ಚೆನ್ನಾಗಿ ಬೇಯಿಸಿ ತಿನ್ನಿಸಿ. ಕೋಳಿ ಮಾತ್ರ ಮನೆಯೊಳಗೆ ಬೇಡ." ಈಗಿಂದ ಸರಿ ಮಾಡಿದ್ರೆ ಬೆಳೀತಾಳಾ ಅಂತ ಹೆಂಡತಿ ಕೇಳಿದಳು. ಸ್ವಲ್ಪ ಅಂದ್ರು. ಮೊದಲ ಎರಡು ವರ್ಷದಲ್ಲಿ ಆಗಬೇಕಾದ್ದು ಆಮೇಲೆ ಪೂರ್ತಿ ಸಿಗಲ್ಲ. ಸಿಕ್ಕಷ್ಟು ಹಿಡ್ಕೋಬೇಕು.

ಕೆಳಗಿನ ಬೀದಿ ಯೂನಿಫಾರ್ಮ್ ವಿಷಯ ಹೇಳಿದೆ, ಐದರ ಅಳತೆಗೆ ಕತ್ತರಿಸೋದು. ಡಾಕ್ಟ್ರಮ್ಮಂಗೆ ಆಶ್ಚರ್ಯ ಏನೂ ಆಗಲಿಲ್ಲ. ಗೋಡೆ ಮೇಲಿನ ನಕ್ಷೆ ತೋರಿಸಿದ್ರು. ಬೆಳೆಯದ ಮಕ್ಕಳಿರೋ ಮನೆಗೆ ಕೆಂಪು ಚುಕ್ಕೆ. ನಮ್ಮ ಬೀದಿ ಪೂರಾ ಕೆಂಪು. ಗೊತ್ತಿದೆ ಅವರಿಗೆ. ಮೇಲಧಿಕಾರಿಗಳಿಗೆ ಬರೆದು ಬರೆದು ಕೈ ಸೋತಿದೆಯಂತೆ. ನಾನು ಮಾತ್ರ ನನ್ನ ಕಣ್ಣಳತೆ ಅಂದ್ಕೊಂಡು ಮೀಸೆ ತಿರುವಿಕೊಂಡಿದ್ದೆ.

ಹೊರಡೋವಾಗ ಹೆಂಡತಿ ಮುಂದೆ ಹೋದಳು. ನಾನು ಬಾಗಿಲಲ್ಲಿ ನಿಂತು ಕೇಳೇಬಿಟ್ಟೆ. ನನಗೂ ಇದೇನಾ?

"ಈಗ ಖಚಿತವಾಗಿ ಹೇಳಕ್ಕಾಗಲ್ಲ. ಆಗಿರಬಹುದು. ಅಕ್ಕ ಚಿಕ್ಕವರಿದ್ದಾಗ ಮನೇಲಿ ಕೋಳಿ ಇತ್ತಾ?"

ಇಲ್ಲ. ನಾನು ಹುಟ್ಟಿದ ಮೇಲೆ ತಂದದ್ದು. ಗಂಡುಮಗು ಗಟ್ಟಿಯಾಗಲಿ, ಮೊಟ್ಟೆ ತಿನ್ನಲಿ ಅಂತ ಅಮ್ಮ ತಂದದ್ದು.

ಡಾಕ್ಟ್ರಮ್ಮ ಪೆನ್ ಮುಚ್ಚಳ ಹಾಕಿದ್ರು.

ಜೂನ್ 23, ಭಾನುವಾರ

ಮನೇಲಿ ಯುದ್ಧ.

ಹೆಂಡತಿಯೇ ಹೇಳಿದಳು, ನಾನಲ್ಲ. ಕೋಳಿ ಇರಬಾರದಂತೆ ಅಂತ. ಅಮ್ಮ ಮೊದಲು ನಕ್ಕಳು. ಕೋಳಿ ಅನಾದಿ ಕಾಲದಿಂದ ಮನುಷ್ಯರ ಜೊತೆ ಇದಾವೆ, ಆ ಹುಡುಗಿ ಡಾಕ್ಟ್ರು ಕಂಡುಹಿಡಿದಳಂತೆ ಅಂದಳು. ಆಮೇಲೆ ಸೊಸೆ ಕಡೆ ತಿರುಗಿ, "ನಿನ್ನ ಹಾಲು ನೀರಾಗಿತ್ತು, ಅದಕ್ಕೆ ನನ್ನ ಕೋಳಿ ಮೇಲೆ ಗೂಬೆ ಕೂರಿಸ್ತೀಯಾ?" ಹೆಂಡತಿ ಅಳಲಿಲ್ಲ. "ಎರಡು ವರ್ಷ ನನ್ನ ಹಾಲೇ ಕೆಟ್ಟದು ಅಂತ ನಂಬಿಕೊಂಡಿದ್ದೆ ಅತ್ತೆ. ಇನ್ನು ನಂಬಲ್ಲ" ಅಂದಳು. ಪಾತ್ರೆ ತೊಳೆಯಕ್ಕೆ ಹೋದಳು.

ಹೊರಗೆ ಗೂಡು ಕಟ್ಟೋಣ ಅಂದೆ. ಹೊರಗೆ ಅಂದ್ರೆ ಎಲ್ಲಿ? ನಮ್ಮ ಹೊಸಿಲು ದಾಟಿದ್ರೆ ಇನ್ನೊಬ್ಬರ ಹೊಸಿಲು. ಅಮ್ಮನೇ ಕೇಳಿದಳು ಅದನ್ನ. ಆಮೇಲೆ ನನ್ನ ಕಡೆ ಕೈ ತೋರಿಸಿ ಅಂದಳು:

"ನಿನ್ನನ್ನ ಸಾಕಿದ್ದೂ ಹೀಗೇ. ಇದೇ ಮನೇಲಿ, ಇಂಥದೇ ಕೋಳಿ ಜೊತೆ. ನಿನಗೇನಾಗಿದೆ?"

ನಾನು ಆಗ ಹಲಗೆ ಮೇಲೆ ನಿಂತಿದ್ದೆ. ಬಡಗಿ ಕೊಟ್ಟ ಹೊಸ ಹಲಗೆ, ಹಳೇದಕ್ಕಿಂತ ಒಂದು ಬೆರಳು ದಪ್ಪ. ಮಾತು ನಾಲಿಗೆ ತುದಿ ತನಕ ಬಂತು. ಕತ್ತರಿ ಬಾಯಿ ಮುಚ್ಚಿದೆ, ನನ್ನದೂ ಮುಚ್ಚಿದೆ.

ಜೂನ್ 29, ಶನಿವಾರ

ಅಮ್ಮ ಅಕ್ಕನ ಮನೆಗೆ ಹೋದ ದಿನ ನೋಡಿ ಕೋಳಿಗಳನ್ನ ಸಾಗಿಸಿದೆ. ಕಳ್ಳನ ಹಾಗೆ, ನನ್ನ ಮನೇಲೇ. ಬಡಗಿ ಬುಟ್ಟಿ ನೋಡಿ ಎರಡು ನನಗೆ ಕೊಡು, ಮೊಮ್ಮಗನಿಗೆ ಮೊಟ್ಟೆ ಆಗತ್ತೆ ಅಂದ. ಕೊಡಲ್ಲ ಅಂದೆ. ಯಾಕೆ ಅಂತ ಹೇಳಿದೆ, ಪೂರ್ತಿ, ಡಾಕ್ಟ್ರಮ್ಮ ಹೇಳಿದ ಹಾಗೇ. ಹೊಟ್ಟೆ ಹಿಡ್ಕೊಂಡು ನಕ್ಕ. "ಅಂದ್ರೆ ನಿನ್ನನ್ನ ತುಂಡು ಮಾಡಿದ್ದು ಕೋಳಿ ಅಂತೀಯಾ?" ಗಲ್ಲಿಗೆಲ್ಲ ಕೇಳೋ ಹಾಗೆ. ಕೊನೆಗೆ ಮಾಂಸದಂಗಡಿಗೇ ಕೊಟ್ಟೆ. ಮಗು ಇರೋ ಮನೆಗೆ ಕೊಡೋದಕ್ಕಿಂತ ವಾಸಿ.

ಟೇಬಲ್ ಕೆಳಗೆ ತಿಕ್ಕಿ ತಿಕ್ಕಿ ತೊಳೆದ್ವಿ. ಬಟನ್ "ಕೊಕ್ಕೊ ಎಲ್ಲಿ" ಅಂತ ಹುಡುಕಿದಳು. ಗಲ್ಲಿ ಕಡೆ ಬೆರಳು ತೋರಿಸಿದಳು. ಗಲ್ಲಿ ತುಂಬ ಬೇರೆಯವರ ಕೊಕ್ಕೊ. ನಮ್ಮ ಏಳು ಕೋಳಿ ಹೋದರೆ ಏನಾಯ್ತು, ಬೀದಿಯ ನೂರು ಇದಾವೆ. ಬಾಗಿಲಿಗೆ ಅಡ್ಡ ಮರದ ಪಟ್ಟಿಗಳನ್ನ ಹೊಡೆದೆ, ಅವಳ ಎದೆ ಮಟ್ಟದ ತನಕ.

ಜುಲೈ 16, ಮಂಗಳವಾರ. ಬೆಳಗಿನ ಟೀ ಹೊತ್ತು

ಅಮ್ಮ ವಾಪಸ್ ಬಂದಾಗಿಂದ ನನ್ನ ಜೊತೆ ಮಾತಿಲ್ಲ. ಬೇಕಾದ್ದನ್ನ ಗೋಡೆಗೆ ಹೇಳ್ತಾಳೆ. "ಟೀ ಆರ್ತಿದೆ" ಗೋಡೆಗೆ. "ಯಾರೋ ಬಂದಿದಾರೆ" ಗೋಡೆಗೆ. ಬಟನ್‌ಗೆ ಮೊಟ್ಟೆ ಮಾತ್ರ ತಪ್ಪಿಸಿಲ್ಲ, ಅಂಗಡಿಯಿಂದ ತರ್ತಾಳೆ. ಊದಿ ಊದಿ ತಿನ್ನಿಸ್ತಾಳೆ. ಈಗ "ನಿಮ್ಮಪ್ಪಂಗೂ ಹೀಗೇ" ಅನ್ನಲ್ಲ.

ಅಪ್ಪನ ನೆನಪು ಬರ್ತಿದೆ. ಅಪ್ಪ ಫ್ಯಾಕ್ಟರಿ ಗೇಟಿನ ಕಾವಲಿನವನು. ಎತ್ತರ ನೋಡಿಯೇ ಕೆಲಸ ಕೊಟ್ಟಿದ್ರು. ಮನೆಗೆ ಯಾರು ಬಂದ್ರೂ ನನ್ನನ್ನ ಪಕ್ಕ ನಿಲ್ಲಿಸಿಕೊಂಡು ಒಂದೇ ಜೋಕು. "ನಾನು ನೋಡಿ, ಇವಳು ನೋಡಿ, ದೊಡ್ಡವಳು ನೋಡಿ. ಇದೊಂದು ಯಾರ ಅಳತೆಗೆ ಹೊಲಿದದ್ದೋ." ಎಲ್ಲರೂ ನಗೋರು. ಅಮ್ಮ ತಟ್ಟೆ ಎತ್ಕೊಂಡು ಒಳಗೆ ಹೋಗೋಳು. ಒಂದು ಸಲ ಯಾರೂ ಬಂದಿರಲಿಲ್ಲ. ನಾನು ಚಾಪೆ ಮೇಲೆ ನಿದ್ದೆ ಬಂದವನ ಹಾಗೆ ಬಿದ್ದಿದ್ದೆ. "ಈಗಲಾದ್ರೂ ನಿಜ ಹೇಳು" ಅಂತಿದ್ದ ಅಮ್ಮನಿಗೆ. ಅದು ಜೋಕಿನ ದನಿ ಅಲ್ಲ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಅಪ್ಪ ಅದನ್ನ ನಂಬಿಕೊಂಡೇ ಸತ್ತ.

ಟೈಲರ್ ಕೆಲಸ ಹಿಡಿದದ್ದು ಆ ಜೋಕಿನ ಸಿಟ್ಟಿಗೇ ಇರಬೇಕು.

ಈಗ ನನ್ನ ಕೈಲಿ ಉತ್ತರ ಇದೆ. ಅಮ್ಮಂಗೆ ಹೇಳಿದ್ರೆ ಇಷ್ಟು ವರ್ಷದ ಕಳಂಕ ಒಂದೇ ಮಾತಲ್ಲಿ ಅಳಿಸಿ ಹೋಗತ್ತೆ. ನಾನು ಅಪ್ಪನ ಮಗನೇ, ನಿನ್ನ ತಪ್ಪೇನಿಲ್ಲ ಅಂತ. ಆದ್ರೆ ಅದೇ ಮಾತಿಗೆ ಇನ್ನೊಂದು ಮಗ್ಗುಲು ಇದೆ. ಮಗನನ್ನ ತುಂಡು ಮಾಡಿದ್ದು ನೀನು ಸಾಕಿದ ಕೋಳಿ, ಮೊಮ್ಮಗಳನ್ನೂ ಅದೇ. ಒಂದು ಮಾತಲ್ಲಿ ಅರ್ಧ ಮಾತ್ರ ಹೇಳಕ್ಕಾಗತ್ತಾ? ಬಟ್ಟೆ ಆಗಿದ್ರೆ ಕತ್ತರಿಸಿ ಕೊಡ್ತಿದ್ದೆ.

ಹೇಳಲ್ಲ. ಸಾಯೋ ತನಕ ಹೇಳಲ್ಲ.

ಸೆಪ್ಟೆಂಬರ್ 9, ಸೋಮವಾರ

ಮತ್ತೆ ಅಳೆದ್ರು. ಚುಕ್ಕೆ ಮೇಲೆ ಹತ್ತಿದೆ. ಗೆರೆ ಮುಟ್ಟಿಲ್ಲ, ಮುಟ್ಟೋದೂ ಇಲ್ಲವೇನೋ. ನರ್ಸಮ್ಮ ಮಾತ್ರ ಹಬ್ಬದ ಹಾಗೆ ಮುಖ ಮಾಡಿದ್ರು. ಬಟನ್ ಈ ಸಲ ಕಿರುಚಲಿಲ್ಲ, ನರ್ಸಮ್ಮನ ಬೆರಳು ಕಚ್ಚಿದಳು.

ಒಬ್ಬ ತಾಯಿ ಯೂನಿಫಾರ್ಮ್ ಆರ್ಡರ್ ಕೊಟ್ಟಳು. ಏಳು ವರ್ಷದವಳಿಗೆ. ಯಾವ ಬೀದಿ ಅಂತ ಕೇಳಲಿಲ್ಲ, ಮಗೂನ ಕರ್ಕೊಂಡು ಬನ್ನಿ ಅಂದೆ. ಕರ್ಕೊಂಡು ಬಂದಳು. ಆರಕ್ಕೂ ಕಮ್ಮಿ. ಹೆಲ್ತ್ ಸೆಂಟರಿಗೆ ಹೋಗಿ ಅಂದೆ. "ಬಟ್ಟೆ ಹೊಲೀರಿ ಮಾಸ್ಟ್ರೇ, ನಮ್ಮ ಮಗು ಚೆನ್ನಾಗೇ ಇದೆ" ಅಂತ ಮುಖ ಸಿಂಡರಿಸಿದಳು. ನಾನು ನರ್ಸಮ್ಮನ ಮೇಲೆ ಸಿಟ್ಟಾದ ಹಾಗೇ. ಹೊಲಿದೆ, ಆರಕ್ಕೂ ಕಮ್ಮಿ ಅಳತೆಗೆ.

ನವೆಂಬರ್ 3, ಭಾನುವಾರ. ಬೆಳಿಗ್ಗೆ

ಹಳದಿ ಫ್ರಾಕ್ ಮೊಣಕಾಲಿನ ಮೇಲೆ ಹೋಗಿದೆ. ಹೆಂಡತಿ ನೋಡಿ ಏನೂ ಹೇಳದೆ ತಂದು ಟೇಬಲ್ ಮೇಲಿಟ್ಟಳು. ಒಂದು ಮಡಿಕೆ ಬಿಚ್ಚಬೇಕು. ಬ್ಲೇಡ್ ತಗೊಂಡೆ. ಅಷ್ಟರಲ್ಲಿ ಅಮ್ಮ ಬಂದು ಕೈಯಿಂದ ಕಿತ್ಕೊಂಡಳು. "ಕೊಡಿಲ್ಲಿ." ಗೋಡೆಗಲ್ಲ, ನನಗೇ. ನಾಲ್ಕು ತಿಂಗಳಾದ ಮೇಲೆ.

ಕಿಟಕಿ ಹತ್ತಿರ ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. ಬಟನ್ ಬರೀ ಚಡ್ಡೀಲಿ ಅಜ್ಜಿ ಮೊಣಕಾಲು ಹಿಡ್ಕೊಂಡು ನಿಂತಿದ್ದಳು. ಮಡಿಕೆ ಬಿಚ್ಚಿದ ಜಾಗದಲ್ಲಿ ಬಟ್ಟೆ ಹೊಸದರ ಹಾಗೇ ಹಳದಿ. ಮಿಕ್ಕಿದ್ದೆಲ್ಲ ಮಾಸಿದೆ. ಇನ್ನೊಂದು ಮಡಿಕೆ ಹಾಗೇ ಇದೆ.

ಅಮ್ಮ ತಲೆ ಎತ್ತಲಿಲ್ಲ. ಬಿಚ್ಚುತ್ತಾ ಕೇಳಿದಳು. "ಆ ಡಾಕ್ಟ್ರು ಹೇಳಿದ್ದು ಈಗಿನ ಮಕ್ಕಳಿಗೆ ಮಾತ್ರನಾ? ಆಗಿನ ಮಕ್ಕಳಿಗೂನಾ?"

ಗೊತ್ತಿಲ್ಲಮ್ಮ ಅಂದೆ.

"ನಿನಗೆ ಸುಳ್ಳು ಹೇಳಕ್ಕೆ ಬರಲ್ಲ. ನಿಮ್ಮಪ್ಪನ ಹಾಗೇ, ಕಿವಿ ಕೆಂಪಾಗತ್ತೆ." ಬ್ಲೇಡ್ ಕೆಳಗಿಟ್ಟಳು. "ಕೇಳ್ತಿದೀನಲ್ಲ, ಹೇಳು."

ಹೇಳಿದೆ. ಆಗಿನ ಮಕ್ಕಳಿಗೂ ಅಂದೆ. ಖಚಿತ ಅಲ್ಲ, ಆಗಿರಬಹುದು ಅಂದ್ರು ಅಂತಾನೂ ಸೇರಿಸಿದೆ. ಅದನ್ನ ಕೇಳಿಸಿಕೊಂಡಳೋ ಇಲ್ಲವೋ.

ಅಮ್ಮ ಮೊದಲು ನಕ್ಕಳು. ಬಾಯಿ ತುಂಬ ನಕ್ಕಳು. ಅಪ್ಪ ಇದ್ದಾಗ ಒಂದು ದಿನಾನೂ ಹೀಗೆ ನಕ್ಕಿದ್ದು ನೋಡಿಲ್ಲ. "ಇರಬೇಕಿತ್ತು ಕಣೋ ಅವರು, ಈ ಮಾತು ಕೇಳಕ್ಕೆ" ಅಂದಳು. ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ಬಟನ್‌ನ ಎಳ್ಕೊಂಡು ಫ್ರಾಕ್ ತೊಡಿಸಿದಳು, ಕೆಳಗಿನ ಅಂಚು ಜಗ್ಗಿ ನೆಟ್ಟಗೆ ಮಾಡಿದಳು.

ಆಮೇಲೆ ಟೇಬಲ್ ಕೆಳಗೆ ನೋಡಿದಳು, ಖಾಲಿ ಜಾಗ. ಆಮೇಲೆ ನನ್ನ ಕಾಲ ಕೆಳಗಿನ ಹಲಗೆ. ಅದನ್ನೇ ನೋಡ್ತಾ ಕೂತಳು. ಇಳಿದುಬಿಡೋಣ ಅನ್ನಿಸ್ತು. ಇಳಿದ್ರೆ ಇನ್ನೂ ಗಿಡ್ಡ ಕಾಣ್ತೀನಿ ಅಂತ ಅಲ್ಲೇ ನಿಂತೆ.

"ನಾನೇನಾ?" ಅಂದಳು.

ಇಲ್ಲ ಅನ್ನಬೇಕಿತ್ತು, ತಕ್ಷಣ. ಬಾಯಿ ತೆರೆದೆ. ಕಿವಿ ಬಿಸಿಯಾಗ್ತಾ ಇರೋದು ನನಗೇ ಗೊತ್ತಾಗ್ತಿತ್ತು, ಅಮ್ಮ ನನ್ನ ಮುಖ ಅಲ್ಲ, ಕಿವಿ ನೋಡ್ತಿದ್ದಳು, ಆಗ ನಾನು ಎರಡೂ ಕಿವಿ ಕೈಯಿಂದ ಮುಚ್ಚಿಕೊಂಡು ಇಲ್ಲಮ್ಮ ಅಂದೆ.